ಹೊತ್ತು ನಡೆದ ಕೋಳಿಗೂಡುಗಳು

ಕೋಳಿಗೆ ಮನೆ ಕಟ್ಟಿಸುವುದೂ ಒಂದು ನೌಕರಿಯೇ ಎಂದು ನನ್ನನ್ನು ಕೇಳಿದವರು ಬಹಳ ಮಂದಿ. ನೆಂಟರು ಕೇಳಿದ್ದಾರೆ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದ್ದಾರೆ, ನನ್ನದೇ ಇಲಾಖೆಯವರು ಟೀ ಕುಡಿಯುತ್ತಾ ಕೇಳಿ ನಕ್ಕಿದ್ದಾರೆ. ಸರ್ವೀಸಿನಲ್ಲಿದ್ದಾಗ ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಈಗ ಪಿಂಚಣಿ ಬರುತ್ತಿದೆ, ಯಾರ ಹಂಗೂ ಇಲ್ಲ. ಹೌದು, ನೌಕರಿಯೇ. ಅದನ್ನೇ ಮಾಡಿದೆ. ಇನ್ನೊಂದು ಸಲ ಸೇರಿಸಿಕೊಂಡರೆ ಇನ್ನೊಂದು ಸಲವೂ ಅದನ್ನೇ ಮಾಡುತ್ತೇನೆ.

ಪಶುಪಾಲನೆ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಕೆಲವರು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದು ಕೂರುವುದುಂಟು. ಅವರಿಗೆ ಹಸು ಗೊತ್ತು, ಎಮ್ಮೆ ಗೊತ್ತು, ಸಾವಿರಗಟ್ಟಲೆ ಕೋಳಿ ತುಂಬುವ ಫಾರಂ ಶೆಡ್ಡು ಗೊತ್ತು. ಮೊಟ್ಟೆಯ ಮೇಲೆ ರೆಕ್ಕೆ ಹರಡಿ ಕಾವು ಕೂತ ನಾಟಿ ಹ್ಯಾಟೆಯ ಮುಂದೆ ಮಂಡಿಯೂರಿ ಕೂರಲು ಮಾತ್ರ ನಾಚಿಕೆ. ಇದು ಅವರಿಗೋಸ್ಕರ. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು ಇವನ್ನು ಬಿಟ್ಟುಬಿಡುತ್ತೇನೆ. ಅವು ಎಲ್ಲರಿಗೂ ಒಂದೇ ಥರ.

ಹ್ಯಾಟೆಯೊಂದು ಹತ್ತು ಮರಿ ಎಬ್ಬಿಸಿದರೆ ತಿಂಗಳು ಕಳೆಯುವುದರೊಳಗೆ ಅದರ ಹಿಂದೆ ಉಳಿಯುವುದು ಎರಡೋ ಮೂರೋ. ಒಂದನ್ನು ಹದ್ದು ಎತ್ತುತ್ತದೆ, ಒಂದನ್ನು ಕಾಗೆ. ಮುಂಗುಸಿ ಬಂದರೆ ಒಂದಕ್ಕೆ ನಿಲ್ಲುವುದಿಲ್ಲ. ನಂದಿ ಬೆಟ್ಟದ ಕಡೆಯ ಚಳಿಗಾಳಿಗೆ ಬೆಳಗ್ಗೆ ಮುದುಡಿ ಬಿದ್ದಿರುತ್ತವೆ. ಉಳಿದವು ತಾಯಿಯ ಹಿಂದೆ ಊರೆಲ್ಲ ಓಡಿ ಸುಸ್ತಾಗಿ ಚರಂಡಿಗೆ ಬೀಳುತ್ತವೆ. "ಅದರ ಹಣೇಲಿ ಬರ್ದಿದ್ದು ಅಷ್ಟೇ ಕಣಮ್ಮ" ಎಂದು ಹಳ್ಳಿಯ ಹೆಂಗಸರು ಸುಮ್ಮನಾಗುತ್ತಿದ್ದರು. ಆ ಮಾತನ್ನು ನಾನು ಒಂದು ದಿನವೂ ಒಪ್ಪಲಿಲ್ಲ. ಹಣೆಯಲ್ಲಿ ಬರೆದದ್ದಲ್ಲ, ಅವಕ್ಕೆ ಮನೆ ಇರಲಿಲ್ಲ. ಮನೆಯಿಲ್ಲದ್ದನ್ನು ಹಣೆಬರಹ ಎನ್ನುವವರ ನಡುವೆಯೇ ನಾನು ಬೆಳೆದದ್ದು.

ನಮ್ಮದು ಗೌರಿಬಿದನೂರು ತಾಲ್ಲೂಕು. ಅಪ್ಪ ಮೇಷ್ಟರಾಗಿದ್ದರು, ಬುದ್ಧನ ದಾರಿ ಹಿಡಿದವರು. ಬೌದ್ಧರೆಂದು ನಾವು ಹೇಳಿಕೊಂಡರೂ ಊರಿನ ಬಾಯಲ್ಲಿ ಕಾಲೊನಿಯವರೇ. ಔಷಧಿ ಪೆಟ್ಟಿಗೆ ಹಿಡಿದು ಯಾವ ಹಳ್ಳಿಗೆ ಹೋದರೂ ಎರಡನೆಯ ಮಾತಿಗೇ, "ಮೇಡಂ, ತಾವು ಯಾವ ಕಡೆಯವರು?" ಎಂದು ಕೇಳುತ್ತಿದ್ದರು. ಅವರು ಕೇಳುತ್ತಿದ್ದದ್ದು ಊರನ್ನಲ್ಲ ಎಂಬುದು ಇಬ್ಬರಿಗೂ ಗೊತ್ತು. ಮೊದಮೊದಲು ಊರಿನ ಹೆಸರು ಹೇಳಿ ಜಾರಿಕೊಳ್ಳುತ್ತಿದ್ದೆ. ಆಮೇಲೆ ಬೇಜಾರಾಯಿತು. "ಕಾಲೊನಿಯವಳು. ಹ್ಯಾಟೆ ಎಲ್ಲಿ?" ಎನ್ನತೊಡಗಿದೆ. ಹೊಸಬರಿಗೆ ನನ್ನ ಮೊದಲ ಸಲಹೆ ಇದೇ. ಉತ್ತರವನ್ನೂ ಕೆಲಸವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡಿ, ಮಧ್ಯೆ ಜಾಗ ಬಿಟ್ಟರೆ ಅಲ್ಲಿ ಅವರು ಕೂತುಬಿಡುತ್ತಾರೆ.

ನನ್ನ ಮೊದಲ ವರ್ಷಗಳು ಗೌರಿಬಿದನೂರಿನಲ್ಲೇ ಕಳೆದವು. ಅಲ್ಲಿ ನಮ್ಮ ಮೇಲಿದ್ದ ಸಾಹೇಬರು ಶಿಸ್ತಿನ ಮನುಷ್ಯ. ಆಗ ಒಂದು ಯೋಜನೆ ಬಂದಿತ್ತು. ನೀಲಿ ಬಣ್ಣ ಬಳಿದ ಕಬ್ಬಿಣದ ಪಂಜರವನ್ನು ಹೆಂಗಸರಿಗೆ ಹಂಚುವುದು, ಕಾವು ಕೂತ ಕೋಳಿಯನ್ನು ಅದರೊಳಗೆ ಇಡಿಸುವುದು. ಫೋಟೋದಲ್ಲಿ ಅವು ಬಹಳ ಚೆನ್ನಾಗಿ ಬರುತ್ತಿದ್ದವು. ಗೌರಿಬಿದನೂರಿನ ಬೇಸಿಗೆ ಮಾತ್ರ ಫೋಟೋಗೆ ಬರುವುದಿಲ್ಲ.

ಅಲೀಪುರದ ಪಕ್ಕದ ಹಳ್ಳಿಯಲ್ಲಿ ಶಾಹಿದಾ ಬೀ ಎಂಬವರ ಮನೆಗೆ ಒಂದು ಪಂಜರ ಕೊಟ್ಟಿದ್ದೆ. ಯುಗಾದಿ ಕಳೆದ ಮೇಲೆ ನೋಡಲು ಹೋದರೆ ಪಂಜರದ ತುಂಬ ಈರುಳ್ಳಿ. ಹ್ಯಾಟೆ ಹಿಂದಿನ ಹಾಗೆ ಮಂಚದ ಕೆಳಗೆ ಕೂತಿತ್ತು.

"ಇದೇನು ಬೀಬಿ, ಕೋಳಿಗೆ ಕೊಟ್ಟಿದ್ದಲ್ವಾ?"

"ಡಾಕ್ಟ್ರಮ್ಮ, ಮಧ್ಯಾಹ್ನ ಬಂದು ಅದರ ಮೇಲೆ ನಿಮ್ದು ಕೈ ಇಡಿ. ತವಾ ಆಗ್ತದೆ ತವಾ. ನಾನು ಮುರ್ಗಿ ಸಾಕ್ಬೇಕಾ, ಮುರ್ಗಿದು ರೋಟಿ ಮಾಡ್ಬೇಕಾ?"

ನಾನು ಡಾಕ್ಟರಲ್ಲ, ಜಾನುವಾರು ಪರೀಕ್ಷಕಿ. ಚುಚ್ಚುಮದ್ದು ಹಿಡಿದು ಹೋದ ಹೆಂಗಸೆಲ್ಲ ಹಳ್ಳಿಗೆ ಡಾಕ್ಟ್ರಮ್ಮನೇ. ಸಾಹೇಬರ ಬಳಿ ಹೋಗಿ ಪಂಜರ ಕಾಯುತ್ತದೆ, ಕೋಳಿ ಮೊಟ್ಟೆ ಬಿಟ್ಟು ಏಳುತ್ತಿದೆ, ಕಡ್ಡಿಯಲ್ಲಿ ಕಟ್ಟಿಸೋಣ ಎಂದೆ.

"ಇಲಾಖೆ ಅಂದ್ಮೇಲೆ ಒಂದು ಗತ್ತು ಇರ್ಬೇಕಮ್ಮ. ಕಡ್ಡಿ, ಹುಲ್ಲು, ಹಗ್ಗ... ಇದೇನು ಗುಬ್ಬಿ ಗೂಡಾ?"

"ಗುಬ್ಬಿ ಮರಿಗಳು ಬದುಕ್ತಾವೆ ಸರ್" ಎಂದೆ. ಅವರಿಗೆ ಹಿಡಿಸಲಿಲ್ಲ.

ಹೇಳದೆ ಕೇಳದೆ ಶಾಹಿದಾ ಬೀ ಅವರ ಮನೆಯಲ್ಲೇ ಮೊದಲ ಗೂಡು ಕಟ್ಟಿದೆ. ನೀಲಗಿರಿ ಕಡ್ಡಿಯ ಚೌಕಟ್ಟು, ಎರಡು ಕಡೆ ಇಳಿಜಾರು, ಮೇಲೆ ರಾಗಿ ಹುಲ್ಲು. ತಂಪಾಗಿತ್ತು, ಹ್ಯಾಟೆ ಸಂತೋಷವಾಗಿ ಕೂತಿತು. ಆದರೆ ಗೂಡನ್ನು ನೆಲಕ್ಕೇ ಇಟ್ಟಿದ್ದೆ. ಮೊಟ್ಟೆ ಒಡೆಯುವ ದಿನ ಹಸಿ ವಾಸನೆಗೆ ಕೆಂಪಿರುವೆ ಮುತ್ತಿ, ಮರಿಗಳು ಪೂರ್ತಿ ಹೊರಗೆ ಬರುವ ಮೊದಲೇ ಕಥೆ ಮುಗಿದಿತ್ತು. ಶಾಹಿದಾ ಬೀ ನನ್ನ ಜೊತೆ ಮಾತಾಡಲಿಲ್ಲ. ನಾನು ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ನಾಲ್ಕು ಕಲ್ಲಿನ ಮೇಲೆ ಗೂಡನ್ನು ಎತ್ತಿ ನಿಲ್ಲಿಸಿ, ಕಾಲುಗಳಿಗೆ ಗ್ಯಾರೇಜಿನ ಹಳೆ ಆಯಿಲ್ ಅದ್ದಿದ ಬಟ್ಟೆ ಸುತ್ತಿದೆ. ಇರುವೆ ಹತ್ತಲಿಲ್ಲ. ಮುಂದಿನ ಕಾವಿನಲ್ಲಿ ಎದ್ದ ಮರಿಗಳನ್ನು ತೋರಿಸಲು ಆಕೆ ನನ್ನ ಕೈ ಹಿಡಿದು ಎಳೆದುಕೊಂಡು ಹೋದರು. ಹೊಸಬರಿಗೆ ಹೇಳುವುದು ಇಷ್ಟೆ. ನಿಮ್ಮ ಗೂಡಿನಲ್ಲಿ ಮರಿ ಸತ್ತರೆ ಮರುದಿನ ಆ ಮನೆಗೆ ಹೋಗಿ. ಹೋಗದೆ ಇರಲು ಒಳ್ಳೊಳ್ಳೆಯ ಕಾರಣಗಳು ಸಿಗುತ್ತವೆ, ಆದರೂ ಹೋಗಿ.

ಅಲ್ಲಿಂದ ಶಿಡ್ಲಘಟ್ಟಕ್ಕೆ ಬಂದೆ. ರೇಷ್ಮೆಯ ಊರು. ಮೇಲೂರಿನ ಕಡೆ ಯಾವ ಮನೆಯ ಅಟ್ಟ ನೋಡಿದರೂ ಹಳೆಯ ಚಂದ್ರಿಕೆಗಳು ಧೂಳು ಹಿಡಿದು ಬಿದ್ದಿದ್ದವು. ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲಿ ಎಂದು ಬಿಡುವ ಬಿದಿರಿನ ಅಗಲವಾದ ತಟ್ಟಿಗಳವು. ಪ್ಲಾಸ್ಟಿಕ್ಕಿನವು ಬಂದ ಮೇಲೆ ಬಿದಿರಿನವನ್ನು ಕೇಳುವವರಿರಲಿಲ್ಲ, ಒಲೆಗೆ ಹಾಕುತ್ತಿದ್ದರು. ಎರಡು ಚಂದ್ರಿಕೆಯನ್ನು ಮೇಲ್ತುದಿಯಲ್ಲಿ ಜೋಡಿಸಿ ಕಟ್ಟಿದರೆ ಗಾಳಿಯಾಡುವ ಗೂಡು ರೆಡಿ! ಬಿದಿರೂ ಪುಕ್ಕಟೆ, ನೇಯ್ಗೆಯೂ ಪುಕ್ಕಟೆ. ಹಿಪ್ಪುನೇರಳೆ ಕಡ್ಡಿಗಳನ್ನು ಮುಂಭಾಗಕ್ಕೆ ಸಾಲಾಗಿ ನಿಲ್ಲಿಸಿದೆ. ಕಡ್ಡಿ ಕಡ್ಡಿಯ ನಡುವೆ ಮೂರು ಬೆರಳು ಸಂದು. ಮರಿ ಹೊರಗೆ ಹೋಗಿ ಬರಬಹುದು, ತಾಯಿ ಹೊರಗೆ ಬರಲಾರದು. ತಾಯಿ ಒಳಗೆ ಕೂತು ಕೊಕ್ಕೊಕ್ಕೋ ಎಂದು ಕರೆಯುತ್ತಿದ್ದರೆ ಮರಿ ದೂರ ಹೋಗುವುದಿಲ್ಲ. ಹೊರಗಿನ ಅಂಗಳದಷ್ಟು ಜಾಗಕ್ಕೆ ದ್ರಾಕ್ಷಿ ತೋಟದಲ್ಲಿ ಹಕ್ಕಿಗೆ ಹಾಕಿ ಹರಿದುಹೋದ ಬಲೆ ಹೊದಿಸಿದರೆ ಹದ್ದೂ ಇಲ್ಲ, ಕಾಗೆಯೂ ಇಲ್ಲ.

ನನಗೆ ಬಹಳ ಹೆಮ್ಮೆಯಾಗಿತ್ತು. ಆಗ ಅಲ್ಲಿದ್ದ ಡಾಕ್ಟರ್ ಮೇಡಂ, ನನಗಿಂತ ಚಿಕ್ಕವರು, ಬಂದು ನೋಡಿ ಒಂದು ಬಿದಿರಿನ ಸೀಳನ್ನು ಚಾಕುವಿನಿಂದ ಎಬ್ಬಿಸಿದರು. ಸಂದಿನಲ್ಲಿ ಉಣ್ಣೆಗಳು ಸಾಲಾಗಿ ಕೂತಿದ್ದವು.

"ಹಗಲು ಇಲ್ಲಿ ಮಲಗ್ತಾವೆ, ರಾತ್ರಿ ಇಳಿದು ಕೋಳಿ ರಕ್ತ ಕುಡೀತಾವೆ. ನಿಮ್ಮ ಗೂಡು ಉಣ್ಣೆಗೂ ಮನೆ ಆಗಿದೆ."

"ಉಣ್ಣೆ ಸಾಯೋ ಪುಡಿ ಹಾಕ್ತೀನಿ ಮೇಡಂ."

"ಹಾಕಿ ನೋಡಿ! ಆ ಪುಡಿ ಗಾಳೀಲಿ ಹುಳುಮನೆಗೆ ಹೋದ್ರೆ ರೇಷ್ಮೆಹುಳು ಒಂದೂ ಉಳಿಯಲ್ಲ. ಊರವರು ನಿಮ್ಮನ್ನೂ ಉಳಿಸಲ್ಲ."

ನಾನು ವಾದ ಮಾಡಿದೆ. ಗೂಡೇ ಬೇಡ ಅಂತೀರಾ ಎಂದು ಕೂಗಾಡಿದೆ. ಅವರು ಕೂಗಲಿಲ್ಲ. ಒಂದು ಹಂಡೆ ನೀರು ಕಾಯಿಸಿ ಎಂದರು. ಕುದಿಯುವ ನೀರನ್ನು ಸಂದುಸಂದಿಗೆ ಸುರಿದು ಗೂಡನ್ನು ಬಿಸಿಲಿಗೆ ಬೋರಲು ಹಾಕಿದೆವು. ಪ್ರತಿ ಕಾವು ಮುಗಿದ ಮೇಲೂ ಹೀಗೇ ಮಾಡಿ ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಆ ಕ್ರಮವನ್ನು ಕೊನೆಯವರೆಗೂ ಬಿಡಲಿಲ್ಲ. ಹಟ ಬೇಕು, ಆದರೆ ಎದುರಿನವರು ಬಿದಿರು ಸೀಳಿ ತೋರಿಸಿದಾಗ ಬಗ್ಗಿ ನೋಡುವಷ್ಟು ಸೊಂಟವೂ ಬೇಕು.

ಈಗ, ಆಮೇಲೆ ವರ್ಗವಾಗಿ ಹೋದ ಚಿಂತಾಮಣಿಯ ಕಥೆ. ನನ್ನ ಸರ್ವೀಸಿನ ಕಥೆ ಅಂದರೆ ಇದೇ.

ಚಿಂತಾಮಣಿಯಿಂದ ಆಂಧ್ರದ ಕಡೆ ಹೋಗುವ ರಸ್ತೆಯಲ್ಲಿ ಒಂದು ಹಳ್ಳಿ. ಹೆಸರು ಬೇಡ. ಮನೆಮಾತು ಅರ್ಧ ತೆಲುಗು, ಅರ್ಧ ಕನ್ನಡ. ಅಲ್ಲಿಯ ಕಾಲೊನಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳು, ಮುಂದೆ ಚರಂಡಿ. ಹಿತ್ತಿಲು ಎಂಬುದಿಲ್ಲ. ಹಿಂದಿನ ಗೋಡೆಗೂ ನಾರಾಯಣಪ್ಪ ಎಂಬವರ ಟೊಮೆಟೊ ತೋಟದ ಬೇಲಿಗೂ ನಡುವೆ ಒಂದು ಪಟ್ಟಿ ಸರ್ಕಾರಿ ಜಾಗ ಇತ್ತು, ಜಾಲಿ ಬೆಳೆದು ಹಾಳುಬಿದ್ದಿತ್ತು. ಕಾಲೊನಿಯ ಹೆಂಗಸರು ಆ ಜಾಲಿ ಕಡಿದು ಕೋಳಿಗೂಡು ಕಟ್ಟಿಕೊಂಡರು. ಕಟ್ಟಿಸಿದವಳು ನಾನು. ಕಲ್ಲು ಮಣ್ಣಿನ ಗಟ್ಟಿ ಕಟ್ಟೆ, ಮೇಲೆ ಬಿದಿರಿನ ಗೂಡು.

ಅವರಲ್ಲಿ ಮುಂದಾಳು ಮುನಿರತ್ನಮ್ಮನವರು. ಎತ್ತರದ ಹೆಂಗಸು, ಬೀದಿಯ ಆ ತುದಿಯಲ್ಲಿ ಮಾತಾಡಿದರೆ ಈ ತುದಿಗೆ ಕೇಳುವ ಗಂಟಲು. ಕೂಲಿ ಹೆಂಗಸಿಗೆ 'ನವರು' ಯಾಕೆ ಎಂದು ಆಫೀಸಿನಲ್ಲಿ ಒಬ್ಬರು ಕೇಳಿದ್ದರು. ತೋಟದ ಯಜಮಾನರಿಗೆ ಯಾಕೆ ಎಂದು ಯಾವತ್ತೂ ಕೇಳಲಿಲ್ಲವಲ್ಲ ಎಂದೆ.

ಗೂಡು ಬಂದ ಮೇಲೆ ಮರಿಗಳು ಉಳಿದವು. ಉಳಿದವು ಬೆಳೆದವು, ಬೆಳೆದವನ್ನು ಚಿಂತಾಮಣಿ ಸಂತೆಗೆ ಒಯ್ದರು. ಕೈಯಲ್ಲಿ ಸ್ವಂತದ ನಾಲ್ಕು ಕಾಸು ಆಡತೊಡಗಿತು. ಅದರಿಂದ ಏನಾಯಿತೆಂದರೆ, ಟೊಮೆಟೊ ಬಿಡಿಸಲು ಬಾ ಎಂದು ನಾರಾಯಣಪ್ಪನವರ ಕಡೆಯಿಂದ ಕರೆ ಬಂದರೆ ಹೆಂಗಸರು, "ಕೂಲಿ ಎಷ್ಟು ಕೊಡ್ತಾರೆ ಕೇಳ್ಕೊಂಡ್ ಬಾ" ಎನ್ನತೊಡಗಿದರು. ಹಿಂದೆ ಹಾಗೆ ಕೇಳಿದವರಿರಲಿಲ್ಲ.

ನಾರಾಯಣಪ್ಪನವರು ಒಂದು ದಿನ ನಮ್ಮ ಪಶು ಆಸ್ಪತ್ರೆಗೆ ಬಂದರು. ಮರ್ಯಾದಸ್ಥರು, ಕೆಟ್ಟ ಮಾತಾಡಿದವರಲ್ಲ.

"ಮೇಡಂ, ಕೋಳಿ ನಮ್ಮ ತೋಟಕ್ಕೆ ನುಗ್ತಾವೆ. ಸಸಿ ಕೆದಕಿ ಹಾಳ್ಮಾಡ್ತಾವೆ."

ಹೋಗಿ ನೋಡಿದೆ. ಒಂದು ಹುಂಜ ಬೇಲಿ ನುಸುಳಿದ್ದು ನಿಜ. ಬೇಲಿಯುದ್ದಕ್ಕೂ ಹಳೆ ಬಲೆ ಕಟ್ಟಿಸಿದೆ. ಅವರು ಮತ್ತೆ ಬಂದರು. ಈ ಸಲ ನಿಜವಾದದ್ದನ್ನು ಹೇಳಿದರು.

"ನಿಮ್ಮ ಗೂಡು ಬಂದ್ಮೇಲೆ ನಮ್ಮ ಹೆಂಗಸ್ರು ಕೆಲ್ಸಕ್ಕೆ ಬರ್ತಾ ಇಲ್ಲ ಮೇಡಂ. ಬಂದ್ರೂ ಮಾತು ಜಾಸ್ತಿ ಆಗಿದೆ."

"ನಿಮ್ಮ ಹೆಂಗಸ್ರು ಅಲ್ಲ ಯಜಮಾನ್ರೇ, ಆ ಮನೆಗಳವರು. ಕೂಲಿ ಜಾಸ್ತಿ ಮಾಡಿ, ಬರ್ತಾರೆ."

ಅವರು ಎದ್ದು ಹೋದರು. ಕೆಲವು ದಿನಗಳಲ್ಲಿ ಸುದ್ದಿ ಬಂತು. ಸರ್ಕಾರಿ ಜಾಗದಲ್ಲಿ ಅಕ್ರಮ ಕಟ್ಟಡಗಳಿವೆ, ತೆರವು ಮಾಡುತ್ತಾರೆ. ನಮ್ಮ ಹಳೆಯ ಸಾಹೇಬರು ಆಗ ಜಿಲ್ಲೆಯಲ್ಲಿ ಮೇಲಿನ ಜಾಗಕ್ಕೆ ಬಂದಿದ್ದರು. ಅವರೇ ಫೋನ್ ಮಾಡಿದರು.

"ಏನಮ್ಮ, ನಿನ್ನ ಗುಬ್ಬಿ ಗೂಡು ಅಲ್ಲಿಗೂ ಬಂತಾ? ನೋಡು, ನಮ್ಮ ಇಲಾಖೆ ಹೆಸ್ರು ಇದರಲ್ಲಿ ಬರೋದ್ ಬೇಡ. ನೀನೇ ಹೇಳಿ ತೆಗೆಸಿಬಿಡು. ನಿನ್ನ ಮಾತು ಕೇಳ್ತಾರೆ."

"ಕೇಳ್ತಾರೆ ಸರ್. ಅದಕ್ಕೇ ಹೇಳಲ್ಲ."

"ವರ್ಗ ಆಗ್ಬೇಕಾಗತ್ತೆ ಆಮೇಲೆ."

"ಆಗ್ಲಿ ಸರ್. ಎಲ್ಲ ತಾಲ್ಲೂಕಲ್ಲೂ ಕೋಳಿ ಇದಾವೆ."

ಫೋನಿಟ್ಟು ಆ ಹಳ್ಳಿಯ ಬಸ್ಸು ಹತ್ತಿದೆ.

ಆ ಸಂಜೆ ಮುನಿರತ್ನಮ್ಮನವರ ಮನೆ ಮುಂದೆ ಹೆಂಗಸರೆಲ್ಲ ಕೂತರು. ತೆಗೆದುಬಿಡೋಣ, ದೊಡ್ಡವರ ಜೊತೆ ಯಾಕೆ ಎಂದರು ಕೆಲವರು. ಕೋಳಿ ಮಾರಿಬಿಡೋಣ ಎಂದರು ಇನ್ನು ಕೆಲವರು. ಮುನಿರತ್ನಮ್ಮನವರು ಕೇಳಿದರು.

"ಮೇಡಮ್ಮ, ಕಟ್ಟಡ ಕಟ್ಟಡ ಅಂತಾರಲ್ಲ. ಕಟ್ಟಡ ಅಂದ್ರೆ ಏನು?"

"ನೆಲಕ್ಕೆ ಅಂಟಿಕೊಂಡಿರೋದು. ಕೀಳೋಕೆ ಆಗದೆ ಇರೋದು."

"ಹಂಗಾದ್ರೆ ಅಂಟಿಸೋದು ಯಾಕೆ? ಕಾಲು ಕೊಡಣ ಬಿಡಮ್ಮ. ಅವ್ರು ಬಂದಾಗ ನಾವು ಹೊರಡಣ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ನಗು ಶುರುವಾಯಿತು.

ಮರುದಿನದಿಂದ ಕಲ್ಲು ಮಣ್ಣಿನ ಕಟ್ಟೆಗಳನ್ನು ನಾವೇ ಒಡೆದೆವು. ಹೊಸ ಗೂಡಿನ ಚಿತ್ರವನ್ನು ನಾನು ನೆಲದ ಮೇಲೆ ಕಡ್ಡಿಯಿಂದ ಬರೆದೆ, ಅವರು ಅಳಿಸಿ ತಿದ್ದಿದರು. ಎರಡು ಉದ್ದದ ನೀಲಗಿರಿ ಗಳುಗಳು ಗೂಡಿನ ಎರಡೂ ಪಕ್ಕದಲ್ಲಿ, ತುದಿಗಳು ಹಿಂದೆ ಮುಂದೆ ಪಲ್ಲಕ್ಕಿಯ ಹಾಗೆ ಚಾಚಿರಬೇಕು. ನಡುವೆ ಮಂಡಿಯೆತ್ತರದ ಗೂಡು, ಹ್ಯಾಟೆ ತಲೆಯೆತ್ತಿ ನಿಲ್ಲುವಷ್ಟು ಸಾಕು. ಪಕ್ಕಕ್ಕೆ ಬಿದಿರಿನ ಸೀಳು, ಕಮಾನಿಗೆ ಬಿಸಾಡಿದ ಹನಿ ನೀರಾವರಿ ಪೈಪು. ಮೊಟ್ಟೆಗೆ ಒಡೆದ ಮಡಕೆಯ ತಳ, ಅದರಲ್ಲಿ ಮರಳು, ಬೂದಿ, ಬೇವಿನ ಸೊಪ್ಪು, ಮೇಲೆ ಹುಲ್ಲು. ಮೊದಲನೆಯ ಗೂಡಿಗೆ ನಾನು ಹಲಗೆಯ ತಳ ಹಾಕಿಸಿದ್ದೆ. ನಾಲ್ವರು ಸೇರಿದರೂ ಏಳಲಿಲ್ಲ. ಹಲಗೆ ಕಿತ್ತು ಗೊಬ್ಬರದ ಚೀಲ ಬಿಗಿದ ಮೇಲೆ ಇಬ್ಬರಿಗೇ ಎದ್ದಿತು.

ಸೂರಿನದೇ ಚಿಂತೆಯಾಗಿತ್ತು. ಹುಲ್ಲು ಹೊತ್ತರೆ ಭಾರ, ಶೀಟು ಹಾಕಿದರೆ ದುಡ್ಡು. ಆಗಷ್ಟೇ ಒಂದು ಚುನಾವಣೆ ಮುಗಿದಿತ್ತು. ಫ್ಲೆಕ್ಸುಗಳು ಕಂಬಕಂಬದಲ್ಲಿ ಜೋತಾಡುತ್ತಿದ್ದವು. ಇಳಿಸಿ ತಂದು ಮಡಿಚಿ ಎರಡು ಪದರ ಮಾಡಿ ಹೊದಿಸಿದರು. ಕೈಮುಗಿದ ಮುಖ ಒಳಗಡೆಗೆ, ಬಿಳಿ ಬೆನ್ನು ಹೊರಗಡೆಗೆ. ಯಾವ ಪಕ್ಷದವರ ಮುಖ ಎಂದು ಕೇಳಬೇಡಿ. ಎಲ್ಲ ಪಕ್ಷದವರೂ ಮಳೆ ತಡೆದರು. ಅವರು ಜನರಿಗೆ ಕೊಟ್ಟ ನೆರಳು ಅದೊಂದೇ ಎಂದು ಮುನಿರತ್ನಮ್ಮನವರು ಹೇಳುತ್ತಿದ್ದರು.

ತೆರವಿನವರು ಬಂದ ದಿನ ನಾನು ಆ ಊರಿನಲ್ಲೇ ಕೋಳಿಗಳಿಗೆ ಕೊಕ್ಕರೆ ರೋಗದ ಲಸಿಕೆ ಹಾಕುತ್ತಿದ್ದೆ. ಜೆಸಿಬಿಯ ಸದ್ದು ರಸ್ತೆಯ ತಿರುವಿನಲ್ಲಿ ಕೇಳುತ್ತಲೇ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಗೂಡುಗಳ ಹತ್ತಿರ ಓಡಿದರು. ಮುನಿರತ್ನಮ್ಮನವರ ಗೂಡಿನಲ್ಲಿ ಒಂದು ಕಪ್ಪು ಹ್ಯಾಟೆ ಕಾವು ಕೂತಿತ್ತು, ಮರಿಯಾಗುವ ದಿನ ದೂರವಿರಲಿಲ್ಲ. ಕಾವು ಕೂತದ್ದನ್ನು ಎಬ್ಬಿಸಬಾರದು, ಎಬ್ಬಿಸಿದರೆ ಮೊಟ್ಟೆ ತಣ್ಣಗಾಗುತ್ತವೆ, ಮುನಿದ ಹ್ಯಾಟೆ ಮತ್ತೆ ಕೂರದೆಯೂ ಹೋಗಬಹುದು. ಅವರ ಜೊತೆ ಹೊರಬೇಕಿದ್ದ ಓರಗಿತ್ತಿ ಆ ದಿನ ಊರಲ್ಲಿರಲಿಲ್ಲ. ಮುಂದಿನ ತುದಿ ಹಿಡಿದು ನಿಂತ ಮುನಿರತ್ನಮ್ಮನವರು ಹಿಂದೆ ತಿರುಗಿ ನೋಡಿದರು. ಹಿಂದಿನ ತುದಿಯಲ್ಲಿ ಯಾರೂ ಇರಲಿಲ್ಲ.

ನಾನು ಸರ್ಕಾರಿ ನೌಕರಳು. ಬಂದವರೂ ಸರ್ಕಾರಿ ನೌಕರರು. ಲಸಿಕೆಯ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟು ಹೋಗಿ ಹಿಂದಿನ ತುದಿ ಎತ್ತಿದೆ.

"ಮೆಲ್ಲಗೆ ಮೇಡಮ್ಮ, ಮೆಲ್ಲಗೆ. ಬಸುರಿ ಹೆಂಗಸ್ನ ಕರ್ಕೊಂಡು ಹೋದಂಗೆ" ಎಂದರು ಮುನಿರತ್ನಮ್ಮನವರು. ಆಮೇಲೆ ಕೋಳಿಗೆ ತೆಲುಗಿನಲ್ಲಿ, "ಭಯಪಡಕೇ ತಲ್ಲೀ, ಕೂರ್ಚೋ" ಹೆದರಬೇಡ, ಕೂತಿರು ಎಂದು ಸಮಾಧಾನ ಹೇಳುತ್ತಾ ನಡೆದರು.

ಸಾಲಾಗಿ ಹೊರಟೆವು. ಗೋಡೆಯ ಹಿಂದಿನಿಂದ ಸುತ್ತಿ ರಸ್ತೆಗೆ ಬಂದಾಗ ಜೆಸಿಬಿಯೂ ಜೀಪೂ ಎದುರಾದವು. ಜೀಪಿನಿಂದಿಳಿದ ಅಧಿಕಾರಿ ಚಿಕ್ಕ ವಯಸ್ಸಿನವರು. ಖಾಲಿ ಪಟ್ಟಿಯನ್ನು ನೋಡಿದರು, ನಮ್ಮನ್ನು ನೋಡಿದರು.

"ಕಟ್ಟಡ ಎಲ್ರೀ?"

"ಯಾವ ಕಟ್ಟಡ ಸ್ವಾಮಿ?"

"ಇದೇನು ಹೊತ್ಕೊಂಡಿರೋದು?"

"ಇದು ಕಟ್ಟಡ ಅಲ್ಲ ಸ್ವಾಮಿ, ಸಂಸಾರ. ಒಳಗೆ ಬಾಣಂತಿ ಅವಳೆ. ದಾರಿ ಬಿಡಿ."

ಅಧಿಕಾರಿ ದಾರಿ ಬಿಟ್ಟರು. ಬೇಲಿಯ ಆಚೆ ನಿಂತಿದ್ದ ನಾರಾಯಣಪ್ಪನವರು ತೋಟದೊಳಕ್ಕೆ ತಿರುಗಿ ನಡೆದರು. ಜೆಸಿಬಿ ಒಂದಿಷ್ಟು ಮಣ್ಣು ಗೀಚಿ ಹೊರಟುಹೋಯಿತು. ರಸ್ತೆ ಬದಿಯ ಹೊಂಗೆ ಮರಗಳ ಕೆಳಗೆ ಗೂಡುಗಳನ್ನಿಳಿಸಿ, ಬುತ್ತಿ ಉಂಡು, ಬಿಸಿಲು ತಗ್ಗಿದ ಮೇಲೆ ಹೊತ್ತು ತಂದು ಮತ್ತೆ ಅಲ್ಲೇ ಇಟ್ಟರು. ತೆರವಿನವರು ಇನ್ನೊಮ್ಮೆ ಬಂದರು. ಹೆಂಗಸರು ಇನ್ನೊಮ್ಮೆ ಹೊತ್ತರು. ಆಮೇಲೆ ಯಾರೂ ಬರಲಿಲ್ಲ. ಡೀಸೆಲ್ ದಂಡ ಅನ್ನಿಸಿರಬೇಕು.

ರಸ್ತೆಯಲ್ಲಿ ಮೊಟ್ಟೆ ಒಡೆದು ಮರಿ ಚಿಂವ್ ಎಂದಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಹ್ಯಾಟೆ ಮಾತ್ರ ಏಳಲಿಲ್ಲ. ಕೆಲವು ದಿನದ ಮೇಲೆ ಮರಿಗಳೆದ್ದವು, ಕುಲುಕಾಟಕ್ಕೋ ಏನೋ ಒಂದೆರಡು ಮೊಟ್ಟೆ ಹಾಳಾದವು.

ಸಾಹೇಬರು ಜಿಲ್ಲಾ ಕಚೇರಿಗೆ ಕರೆಸಿದರು. ಬಾಗಿಲು ಹಾಕಿಸಿ ಕೇಳಿದರು.

"ನೀನೂ ಹೊತ್ತೆಯಂತೆ?"

"ಒಂದು ತುದಿ ಸರ್."

ಬಯ್ಯುತ್ತಾರೆಂದುಕೊಂಡೆ. ಅವರು ಪೆನ್ನು ತಿರುಗಿಸುತ್ತಾ ಕೂತು, "ಇಬ್ರಿಗೇ ಏಳತ್ತಾ? ಅಷ್ಟು ಹಗುರವಾ?" ಎಂದರು. ಮುಂದಿನ ವಾರ ನೋಡಲು ಬಂದರು. ಅವರ ಹಿಂದೆಯೇ ಶಿಡ್ಲಘಟ್ಟದ ಡಾಕ್ಟರ್ ಮೇಡಂ ಕೂಡ ಬಂದರು, ಸಂದುಗಳಿಗೆ ಚಾಕು ಹಾಕಿ ನೋಡಿದರು. ಉಣ್ಣೆ ಇರಲಿಲ್ಲ. ಹೊರುವ ಅ‌ಭ್ಯಾಸವಾದ ಮೇಲೆ ಹೆಂಗಸರು ದಿನಾ ಬೆಳಗ್ಗೆ ಗೂಡನ್ನು ಒಂದು ಮಾರು ಪಕ್ಕಕ್ಕೆ ಸರಿಸಿಡುತ್ತಿದ್ದರು. ಹೊಸ ನೆಲ, ಹೆಕ್ಕಿ ತಿನ್ನಲು ಹೊಸ ಗೆದ್ದಲು, ಹಿಕ್ಕೆ ಒಂದೇ ಕಡೆ ಕೊಳೆಯುವುದಿಲ್ಲ, ಮರಿಗಳಿಗೆ ಭೇದಿ ಇಲ್ಲ. ಎಬ್ಬಿಸುತ್ತಾರೆಂಬ ಭಯಕ್ಕೆ ಮಾಡಿದ್ದು ಕೋಳಿಗೂ ಒಳ್ಳೆಯದಾಗಿತ್ತು. ಸಾಹೇಬರು ಫೋಟೋ ತೆಗೆಸಿದರು. ಸ್ವಲ್ಪ ದಿನದಲ್ಲಿ ಅದು ಇಲಾಖೆಯ ಸುಧಾರಿತ ಸಂಚಾರಿ ಕೋಳಿಗೂಡು ಎಂದಾಯಿತು. ತರಬೇತಿಯಲ್ಲಿ ನಿಮಗೂ ಅದನ್ನು ತೋರಿಸಿರಬಹುದು. ಯಾರು ಮಾಡಿದ್ದೆಂದು ಅಲ್ಲಿ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ. ಅದನ್ನು ಮಾಡಿದವರು ಒಂದು ಕಾಲೊನಿಯ ಕೂಲಿ ಹೆಂಗಸರು. ಕಾಲು ಬಂದದ್ದು ಮುನಿರತ್ನಮ್ಮನವರ ತಲೆಯಿಂದ.

ನನ್ನ ಸರ್ವೀಸು ಮುಗಿಯುತ್ತಾ ಬಂದಿತ್ತು. ಒಂದು ದಿನ ನಾರಾಯಣಪ್ಪನವರ ಸೊಸೆ ಶ್ವೇತಾ ಫೋನ್ ಮಾಡಿದಳು. ಓದಿದ ಹುಡುಗಿ, ನಾಟಿ ಕೋಳಿ ಸಾಕಲು ಶುರುಮಾಡಿದ್ದಳು. ಮರಿಗಳು ನಿಲ್ಲುತ್ತಿರಲಿಲ್ಲ.

"ಮೇಡಂ, ಆ ಗೂಡು ನಮ್ಗೂ ಒಂದು ಮಾಡ್ಸಿಕೊಡ್ತೀರಾ ಪ್ಲೀಸ್?"

"ನಾನು ಮಾಡಲ್ಲಮ್ಮ. ಮುನಿರತ್ನಮ್ಮನವರು ಮಾಡ್ತಾರೆ. ಅವರನ್ನ ಕೇಳು."

ಕೇಳಿದಳು. ಮುನಿರತ್ನಮ್ಮನವರು ಒಂದು ಹೊಸ ಗೂಡು ಕಟ್ಟಿದರು. ನಾವಿಬ್ಬರೂ ಹೊತ್ತು ಅವರ ಮನೆಗೆ ಒಯ್ದು ಮುಂದಿನ ವರಾಂಡದ ಹತ್ತಿರ ಇಳಿಸಿದೆವು. ನಾರಾಯಣಪ್ಪನವರು ಕುರ್ಚಿಯಲ್ಲಿ ಕೂತಿದ್ದರು. ಪಕ್ಕದ ತೋಟದವರೊಬ್ಬರು ಇದ್ದರು. ಬನ್ನಿ ಬನ್ನಿ ಎಂದು ಕರೆದರು, ಕೂರಲು ಹೇಳಿದರು. ಶ್ವೇತಾ ಕಾಫಿ ತಂದಳು. ತಟ್ಟೆಯಲ್ಲಿ ಎರಡು ಸ್ಟೀಲ್ ಲೋಟ, ಎರಡು ಪೇಪರ್ ಲೋಟ. ಸ್ಟೀಲಿನವು ಅವರಿಬ್ಬರಿಗೆ ಹೋದವು. ಪೇಪರಿನವು ನಮ್ಮಿಬ್ಬರ ಮುಂದೆ ಬಂದವು.

ಈ ಪೇಪರ್ ಲೋಟವನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಹಿಂದೆ ತೆಂಗಿನ ಚಿಪ್ಪಿತ್ತು, ಈಗ ಇದು. ನಾನು ಮಾತಾಡಲು ಬಾಯಿ ತೆರೆಯುವ ಮೊದಲೇ ಮುನಿರತ್ನಮ್ಮನವರು ಹೇಳಿದರು.

"ಶ್ವೇತಮ್ಮ, ಇದು ಕೈ ಸುಡುತ್ತೆ ಕಣಮ್ಮ. ನಮ್ಗೂ ಲೋಟದಲ್ಲೇ ಕೊಡು."

ಹುಡುಗಿ ಮಾವನ ಮುಖ ನೋಡಿದಳು.

"ಅಯ್ಯೋ, ಇದೇ ನೀಟಮ್ಮ. ಈಗ ಎಲ್ಲಾ ಕಡೆ ಇದೇ ಅಲ್ವಾ?" ಎಂದರು ನಾರಾಯಣಪ್ಪನವರು, ನಗುತ್ತಲೇ.

"ನೀಟಾದ್ರೆ ನೀವು ಇದ್ರಲ್ಲಿ ಕುಡೀರಿ ಯಜಮಾನ್ರೇ. ನಿಮ್ದು ಇತ್ಲಾಗೆ ಕೊಡಿ."

ಅವರು ತಮ್ಮ ಸ್ಟೀಲ್ ಲೋಟದಿಂದಲೇ ಒಂದು ಗುಟುಕು ಕುಡಿದರು. ಮುನಿರತ್ನಮ್ಮನವರು ಪೇಪರ್ ಲೋಟವನ್ನು ಒಂದು ಹನಿಯೂ ಚೆಲ್ಲದ ಹಾಗೆ ಕಟ್ಟೆಯ ಮೇಲಿಟ್ಟರು. "ಎತ್ತಿ ಮೇಡಮ್ಮ" ಎಂದರು. ನನ್ನ ಮಂಡಿ ಆಗಲೇ ನೋಯುತ್ತಿತ್ತು. ಆದರೂ ಎತ್ತಿದೆ. ಗೂಡನ್ನು ಹೊತ್ತು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆವು.

ಶ್ವೇತಾ ಕೆಲವು ದಿನ ಕಾದು, ಸ್ಕೂಟಿಯಲ್ಲಿ ಒಬ್ಬಳೇ ಕಾಲೊನಿಗೆ ಬಂದಳು. ನಾನೂ ಅಲ್ಲಿದ್ದೆ. ಮುನಿರತ್ನಮ್ಮನವರು ಚಾಪೆ ಹಾಕಿ, ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ಹುಡುಗಿ ಲೋಟವನ್ನು ಒಮ್ಮೆ ನೋಡಿ ಕುಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಆಂಟಿ, ಆ ಗೂಡು...?"

"ಅದು ಬೇರೆಯವ್ರಿಗೆ ಕೊಟ್ಬಿಟ್ಟೆ. ನಿನ್ನ ಮುಂದೆ ಇನ್ನೂ ಜನ ಅವ್ರೆ. ನಿನ್ನ ಪಾಳಿ ಬಂದಾಗ ಹೇಳಿ ಕಳಿಸ್ತೀನಿ."

ಎಲ್ಲರಿಗಿಂತ ಮೊದಲು ನನಗೆ ಕೊಡಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ಇವರು ಕೊಡುತ್ತಿರಲಿಲ್ಲ.

ಆ ಮನೆಯ ಪಾಳಿ ಬರುವ ಹೊತ್ತಿಗೆ ನಾನು ನಿವೃತ್ತಳಾಗಿ ಚಿಕ್ಕಬಳ್ಳಾಪುರಕ್ಕೆ ಬಂದಿದ್ದೆ. ಗೂಡು ತಲುಪಿಸಿದ ದಿನ ಮುನಿರತ್ನಮ್ಮನವರು ಫೋನ್ ಮಾಡಿದರು. ಇನ್ನೊಂದು ತುದಿ ಶ್ವೇತಾಳೇ ಹೊತ್ತಳಂತೆ. ಗೇಟು ತೆಗೆದವರು ನಾರಾಯಣಪ್ಪನವರಂತೆ.

"ಕಾಫಿ ಕೊಟ್ರಾ?" ಎಂದೆ.

"ಕೊಟ್ರು ಮೇಡಮ್ಮ. ಸ್ಟೀಲ್ ಲೋಟದಲ್ಲೇ ಬಂತು."

"ಕುಡಿದ್ರಾ?"

"ಇಲ್ಲ. ಮನೇಲಿ ಕುಡ್ಕೊಂಡೇ ಹೋಗಿದ್ದೆ."